ಮುಂದಿನ ಸೀಟಿನವಳು

ಅವಳನ್ನು ಕೂರಿಸಿಯೇ ಮಣ್ಣು ಮಾಡಿದರು. ಅವರ ಜನರಲ್ಲಿ ಅದು ಪದ್ಧತಿ. ಹಣೆಗೂ ತೋಳಿಗೂ ವಿಭೂತಿ ಬಳಿದು, ಕುರ್ಚಿಗೆ ಒರಗಿಸಿ ಬಟ್ಟೆಯಿಂದ ಕಟ್ಟಿ, ತೆರೆದ ವ್ಯಾನಿನಲ್ಲಿ ಡ್ರೈವರನ ಬೆನ್ನ ಹಿಂದೆಯೇ, ಉಳಿದವರೆಲ್ಲರಿಗಿಂತ ಮುಂದೆ ಕೂರಿಸಿದ್ದರು. ನಾನು ಹಿಂದೆ ಬಾಳೆಕಂಬದ ಸಂದಿಯಲ್ಲಿ ಕಾಲು ಮಡಚಿಕೊಂಡು ಕೂತಿದ್ದೆ. ವ್ಯಾನು ಹಲಸೂರು ಕೆರೆಯನ್ನು ಬಳಸಿಕೊಂಡು ಹೋಗುವಾಗ ನನ್ನ ತಲೆಗೆ ಬಂದದ್ದು ಒಂದೇ ಮಾತು. ನೋಡು, ಸತ್ತ ಮೇಲೂ ಮುಂದಿನ ಸೀಟು ಇವಳಿಗೇ.

ಸತ್ತವರ ಬಗ್ಗೆ ಹೀಗೆ ಹೇಳಬಾರದು ಎನ್ನುವವರು ಎನ್ನಲಿ. ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ವಠಾರದಲ್ಲಿದ್ದು ಒಂದೇ ನಲ್ಲಿಯ ನೀರು ಹಿಡಿದವರು ನಾವು. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಮಣ್ಣು ಮಾಡಿ ಬಂದ ಮೇಲೂ ಹೋಗಿಲ್ಲ. ಅವಳು ಒಳ್ಳೆಯವಳಾಗಿದ್ದದ್ದೇ ದೊಡ್ಡ ತೊಂದರೆ. ಕೆಟ್ಟವಳಾಗಿದ್ದರೆ ನಲ್ಲಿಯ ಹತ್ತಿರ ನಿಂತು ನಾಲ್ಕು ಮಾತು ಬೈದು ಮುಗಿಸಿಬಿಡುತ್ತಿದ್ದೆ.

ಅವಳು ಕಲಬುರಗಿ ಕಡೆಯವಳು. ದೊಮ್ಮಲೂರಿನಲ್ಲಿ ಫ್ಲೈಓವರ್ ಏಳುತ್ತಿದ್ದ ಕಾಲಕ್ಕೆ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದಳು. ನಮ್ಮ ಹಲಸೂರಿನ ವಠಾರದಲ್ಲಿ ನನ್ನ ಮನೆಯ ಎದುರಿನ ಒಂಟಿ ಕೋಣೆ ಬಾಡಿಗೆಗೆ ಹಿಡಿದರು. ಬೇರೆ ಸೈಟು ನೋಡಿಕೊಂಡು ಬರುತ್ತೇನೆ ಎಂದು ಹೋದ ಗಂಡ ಬರಲೇ ಇಲ್ಲ. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಜೋಳದ ಹಿಟ್ಟು ತರಿಸಿ, ಒಲೆ ಹಚ್ಚಿ, ರೊಟ್ಟಿ ಬಡಿಯಲು ಕೂತಳು. ಅವರ ಕಡೆಯಿಂದ ಬಂದು ರೂಮು ಮಾಡಿಕೊಂಡಿದ್ದ ಗಂಡಸರು ಸಾಲಾಗಿ ಬಂದು ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಅವಳ ಎತ್ತರ ನನ್ನ ಭುಜಕ್ಕೂ ಇರಲಿಲ್ಲ. ಸೆರಗು ಯಾವಾಗಲೂ ತಲೆಯ ಮೇಲೆ. ಮಾತಾಡುವಾಗ ಎರಡು ಕೈಯನ್ನೂ ಸೊಂಟಕ್ಕೆ ಒರೆಸಿಕೊಳ್ಳುವಳು, ಹಿಟ್ಟು ಇರಲಿ ಇಲ್ಲದಿರಲಿ. ಯಾವುದಕ್ಕಾದರೂ ಅವಳದು ಒಂದೇ ಮಾತು, "ಇರ್ಲಿ ಬಿಡಕ್ಕಾ." ಗಂಡ ಓಡಿಹೋದದ್ದಕ್ಕೂ ಅದೇ ಮಾತು, ನಾನು ಅವಳ ಕೊಡ ಪಕ್ಕಕ್ಕೆ ಸರಿಸಿ ನನ್ನ ಕೊಡ ಇಟ್ಟಿದ್ದಕ್ಕೂ ಅದೇ ಮಾತು. ಜಗಳಕ್ಕೆ ನಿಂತವಳಿಗೆ ಎದುರಿನವರು ಇರ್ಲಿ ಬಿಡು ಎಂದರೆ ಎಷ್ಟು ಉರಿಯುತ್ತದೆ ಎಂಬುದು ಜಗಳ ಆಡಿದವರಿಗೇ ಗೊತ್ತು.

ನನ್ನದು ಮೀನಿನ ವ್ಯಾಪಾರ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಿಂಭಾಗದಲ್ಲಿ ನೆಲದ ಮೇಲೆ ಗೋಣಿಚೀಲ ಹಾಸಿ ಕೂರುತ್ತೇನೆ. ನಮ್ಮಪ್ಪ ಕೆ.ಆರ್. ಪುರದ ಕೆರೆಯಲ್ಲಿ ಬಲೆ ಹಾಕುತ್ತಿದ್ದವನು. ನಾನು ಮಾರುವುದು ಸಮುದ್ರದ ಮೀನು. ಮಂಗಳೂರಿನಿಂದ, ಮದರಾಸಿನಿಂದ ಐಸಿನಲ್ಲಿ ಬಂದದ್ದು. ಬೆಳಕು ಹರಿಯುವ ಮೊದಲೇ ಮಾರ್ಕೆಟ್ಟಿನಲ್ಲಿರಬೇಕು. ಗಂಡ ಬೇಗ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ಇನ್ನೂ ಸ್ಕೂಲಿಗೆ ಸೇರಿರಲಿಲ್ಲ. ಮಲಗಿದ್ದ ಹುಡುಗಿಯನ್ನು ಎತ್ತಿ ಎದುರುಗಡೆಯವಳ ಕೋಣೆಯಲ್ಲಿ ಮಲಗಿಸಿ ಹೋಗುತ್ತಿದ್ದೆ. ಅದರಲ್ಲಿ ತಪ್ಪೇನೂ ಇಲ್ಲ. ಮೀನು ಮಾರದಿದ್ದರೆ ಇಬ್ಬರೂ ಉಪವಾಸ ಇರಬೇಕಾಗಿತ್ತು.

ಆದರೆ ಹುಡುಗಿ ಏಳುತ್ತಿದ್ದದ್ದು ರೊಟ್ಟಿ ಬಡಿಯುವ ಸದ್ದಿಗೆ. ಮೊದಲು ನೋಡುತ್ತಿದ್ದದ್ದು ಅವಳ ಮುಖ. ಮಾತು ಬಲಿತದ್ದೂ ಅಲ್ಲೇ. ಒಂದು ದಿನ ಮಧ್ಯಾಹ್ನ ನಾನು ಬಂದರೆ ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳುತ್ತಾಳೆ, "ಯಾಕ ತಡಾ ಮಾಡಿದಿ? ನಂದು ಊಟ ಆಗ್ಯದ."

ನಾನು ಅಮ್ಮ. ಅವಳು ಯವ್ವ. ಕರೆಯುವಾಗ ಯಾವುದರಲ್ಲಿ ಅಕ್ಕರೆ ಜಾಸ್ತಿ ಇತ್ತೆಂದು ನನಗೆ ಕಿವಿಯಿಂದಲೇ ತಿಳಿಯುತ್ತಿತ್ತು.

ಮಾರ್ಕೆಟ್ಟಿನಲ್ಲಿ ನನ್ನ ಪಕ್ಕ ಕೂರುವ ತಮಿಳಿನವಳು ಇದನ್ನೇ ಆಡಿಕೊಂಡು ನಗುತ್ತಿದ್ದಳು. "ಏನಕ್ಕಾ, ನಿನ್ ಮಗಳನ್ನ ಗುಲ್ಬರ್ಗಾದಿಂದ ತರಿಸ್ಕೊಂಡ್ಯಾ?"

ಇನ್ನೊಂದು ಸಂಗತಿ. ಎದುರುಗಡೆಯವಳು ಮೀನು ಮಾಂಸ ಮುಟ್ಟುವವಳಲ್ಲ. ನಾನು ತಿಂದರೆ ಮೂಗು ಮುರಿದವಳೂ ಅಲ್ಲ. "ನಿಂದು ನೀ ತಿನ್ನು, ನಂಗೇನು" ಎನ್ನುತ್ತಿದ್ದಳು. ಅವಳ ಕೈಯಲ್ಲಿ ಉಂಡು ಬೆಳೆದ ನನ್ನ ಮಗಳು ಮಾತ್ರ ಇವತ್ತಿಗೂ ಮೀನು ತಿನ್ನುವುದಿಲ್ಲ. ರಜೆ ಬಂದಾಗ ನನ್ನ ಜೊತೆ ಮಾರ್ಕೆಟ್ಟಿಗೆ ಬರುತ್ತಿದ್ದಳು. ಮೀನು ಮುಟ್ಟುತ್ತಿರಲಿಲ್ಲ, ಗೋಣಿ ಹಾಸುವ ಕೆಲಸ ಮಾತ್ರ ತನ್ನದೇ ಎನ್ನುತ್ತಿದ್ದಳು. ಓಡಿಹೋಗಿ ಒಳ್ಳೆಯ ಜಾಗ ನೋಡಿ ಗೋಣಿ ಬಿಚ್ಚಿ ಹಾಕುವಳು. ನಮ್ಮ ಮಾರ್ಕೆಟ್ಟಿನಲ್ಲಿ ಒಂದು ಕಟ್ಟಳೆಯಿದೆ. ಗೋಣಿ ಹಾಕಿದ ಮೇಲೆ ಆ ಜಾಗ ಹಾಕಿದವರದು. ಅವರು ಟೀ ಕುಡಿಯಲು ಹೋಗಿರಲಿ, ಮೀನು ಇಳಿಸಿಕೊಳ್ಳಲು ಹೋಗಿರಲಿ, ಇನ್ನೊಬ್ಬರು ಅಲ್ಲಿ ಕೂರುವುದಿಲ್ಲ. ಎಂಥ ಜಗಳಗಂಟಿಯೂ ಇನ್ನೊಬ್ಬರ ಗೋಣಿ ಎತ್ತುವುದಿಲ್ಲ.

ಮಗಳು ದೊಡ್ಡವಳಾಗಿ ಡ್ರೈವಿಂಗ್ ಕಲಿತಳು. ಟ್ಯಾಕ್ಸಿ ತೆಗೆದುಕೊಂಡಳು. ಇಂದಿರಾನಗರದ ಕಡೆಯಿಂದ ದೊಡ್ಡನೆಕ್ಕುಂದಿಯ ಆಫೀಸುಗಳಿಗೆ ರಾತ್ರಿ ಪಾಳಿಯ ಹೆಣ್ಣುಮಕ್ಕಳನ್ನು ಬಿಟ್ಟು ಕರೆದುಕೊಂಡು ಬರುವುದು ಅವಳ ಕೆಲಸ. ಹೋದ ವರ್ಷದ ಹಿಂದಿನ ವರ್ಷ ಒಂದು ದಿನ ನನ್ನ ಮುಂದೆ ಕೂತು ಹೇಳಿದಳು, "ಅಮ್ಮ, ಮಂಗಳೂರಿಂದ ಗೋವಾಗಂಟ ಸಮುದ್ರದ ಪಕ್ಕಾನೇ ರೋಡು ಹೋಗುತ್ತೆ. ಹೋಗ್ಬರೋಣ. ಎಷ್ಟು ವರ್ಷದಿಂದ ಸಮುದ್ರದ ಮೀನು ಮಾರ್ತಿದ್ದೀಯ, ಸಮುದ್ರಾನೇ ನೋಡಿಲ್ಲ ನೀನು."

ಎಷ್ಟೋ ವರ್ಷಗಳ ಮೇಲೆ ನನಗಾಗಿ ಏನೋ ಮಾಡುತ್ತಿದ್ದಾಳೆ ಎಂದುಕೊಂಡೆ. ಮುಖ ತೊಳೆದುಕೊಳ್ಳುವ ನೆಪದಲ್ಲಿ ಎದ್ದು ಹೋದೆ. ವಾಪಸು ಬಂದರೆ ಮಗಳು ಎದುರಿನ ಬಾಗಿಲಿಗೆ ಕೂಗುತ್ತಿದ್ದಾಳೆ, "ಯವ್ವಾ, ಅಮ್ಮ ಒಪ್ಪಿದ್ಲು! ನಾ ಹೇಳಿದ್ನಲ್ಲ!"

ಅಂದರೆ ಅಲ್ಲಿ ಮೊದಲೇ ಮಾತಾಗಿತ್ತು. ನನ್ನ ಹತ್ತಿರ ಬಂದದ್ದು ಆಮೇಲೆ.

ಹೊರಡುವ ದಿನ ಅವಳು ಏನೇನು ತಂದಳು ಎಂದು ನೋಡಬೇಕಿತ್ತು. ಒಣಗಿಸಿದ ಕಟಿ ರೊಟ್ಟಿಯ ದೊಡ್ಡ ಡಬ್ಬಿ, ಶೇಂಗಾ ಚಟ್ನಿಪುಡಿ, ಕೆಂಪು ಖಾರ, ಒಂದು ಸಣ್ಣ ಗ್ಯಾಸ್ ಒಲೆ, ಮೇಲೊಂದು ಹೊದೆಯುವ ಕೌದಿ. ಹೊರಗಿನ ಅಡುಗೆ ಅವಳಿಗೆ ಆಗದು. ಮಗಳ ಗಾಡಿಯ ಡಿಕ್ಕಿಯಲ್ಲಿ ಸಿ.ಎನ್.ಜಿ. ಸಿಲಿಂಡರು ಕೂತಿರುವುದರಿಂದ ಅಲ್ಲಿ ಒಂದು ಚೀಲ ಹಿಡಿದರೆ ಹೆಚ್ಚು. ಹಾಗಾಗಿ ಅವಳ ಸಂಸಾರವೆಲ್ಲ ಹಿಂದಿನ ಸೀಟಿಗೆ ಬಂತು. ನಾನು ಡ್ರೈವರಿನ ಹಿಂದೆ, ಬಲಗಡೆ ಮೂಲೆಗೆ ಒತ್ತಿಕೊಂಡೆ. ಮಧ್ಯದಲ್ಲಿ ಕೌದಿ, ಎಡಗಡೆ ಕಿಟಕಿಗೆ ರೊಟ್ಟಿ ಡಬ್ಬಿ.

ಅವಳು ಮುಂದಿನ ಸೀಟಿನಲ್ಲಿ. "ಘಾಟಿನ್ಯಾಗ ನಂಗ ವಾಂತಿ ಆಗ್ತದಕ್ಕಾ" ಎಂದು ನಿಂಬೆಹಣ್ಣು ಮೂಸುತ್ತ ಹತ್ತಿ ಕೂತಳು. ನಾನು ನಂಬಲಿಲ್ಲ. ವರ್ಷಕ್ಕೊಮ್ಮೆ ಕಲಬುರಗಿ ಬಸ್ಸಿನಲ್ಲಿ ಕೊನೇ ಸೀಟಿನ ಚಕ್ರದ ಮೇಲೆ ಕುಳಿತು ಊರಿಗೆ ಹೋಗಿ ಬರುವವಳು, ಒಂದು ದಿನವಾದರೂ ವಾಂತಿ ಎಂದವಳಲ್ಲ. ಆದರೂ ಶಿರಾಡಿ ಘಾಟಿಯ ತಿರುವುಗಳಿವೆ, ಹೋಗಲಿ ಎಂದು ಸುಮ್ಮನಾದೆ. ಮಂಗಳೂರು ಸೇರಿ, ಲಾಡ್ಜಿನಲ್ಲಿ ಮಲಗಿ, ಬೆಳಿಗ್ಗೆ ಹೊರಡುವಾಗ ಹೇಳಿದೆ, "ಘಾಟಿ ಮುಗೀತಲ್ಲ, ಇನ್ನು ಹಿಂದೆ ಬಾ."

"ಸಮುದ್ರದ ಗಾಳಿಗೂ ಹೊಟ್ಟಿ ತೊಳಸ್ತದಂತ."

"ಯಾರು ಹೇಳಿದ್ರು?"

"ಯಾರೋ ಹೇಳ್ಯಾರ ಬಿಡಕ್ಕಾ."

ಮಗಳು ಗಾಡಿ ಸ್ಟಾರ್ಟ್ ಮಾಡಿಕೊಂಡು, "ಇಬ್ರೂ ಜಗಳ ಆಡ್ಬೇಡ್ರಿ, ಡೀಸೆಂಟಾಗಿ ಕೂತ್ಕೊಳ್ಳಿ" ಎಂದಳು. ಅಲ್ಲಿಗೆ ಮುಗಿಯಿತು.

ಮಂಗಳೂರಿನಿಂದ ಮೇಲಕ್ಕೆ ಹೋಗುವ ದಾರಿಯಲ್ಲಿ ಸಮುದ್ರ ಎಡಗಡೆಗೆ ಬರುತ್ತದೆ. ಡ್ರೈವರು ಬಲಗಡೆ, ಅವಳ ಪಕ್ಕದ ಮುಂದಿನ ಸೀಟು ಎಡಗಡೆ. ಇಡೀ ಗಾಡಿಯಲ್ಲಿ ಸಮುದ್ರ ಚೆನ್ನಾಗಿ ಕಾಣುವ ಜಾಗ ಅದೊಂದೇ. ಅದು ಬಿಟ್ಟರೆ ರೊಟ್ಟಿ ಡಬ್ಬಿ ಕೂತಿದ್ದ ಜಾಗ. ನನಗೆ ಕಂಡದ್ದು ಪೆಟ್ರೋಲ್ ಬಂಕುಗಳು, ಗ್ಯಾರೇಜುಗಳು, ಎದುರು ಬರುವ ಲಾರಿಗಳು. ಸಮುದ್ರದ ಕಡೆ ಕತ್ತು ಚಾಚಿದರೆ ಡಬ್ಬಿಯ ಮುಚ್ಚಳ, ಅದರ ಆಚೆ ಅವಳ ಸೆರಗು ಗಾಳಿಗೆ ಹಾರಾಡುವುದು.

ಮಲ್ಪೆಯಲ್ಲಿ ಗಾಡಿ ನಿಲ್ಲಿಸಿ ಬಂದರಿಗೆ ಹೋದೆವು. ಇಲ್ಲಿ ನನ್ನ ಕಾಲ ಬಂತು ಎಂದುಕೊಂಡೆ. ಮೀನಿನ ವಿಷಯದಲ್ಲಿ ಎದುರುಗಡೆಯವಳಿಗೆ ಏನು ಗೊತ್ತು? ಮಗಳು ನೋಡಲಿ, ಅಮ್ಮ ಮಾಡಿಕೊಂಡು ಬಂದ ಕೆಲಸ ಏನೆಂದು. ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸರ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಬಂಗುಡೆ ಎತ್ತಿದೆ. ಕೈಯಲ್ಲಿ ಬಾಲ ಜೋತುಬಿತ್ತು. ನಮ್ಮಲ್ಲಿ ಒಳ್ಳೆಯ ಮೀನು ಸೆಟೆದುಕೊಂಡು ಕಡ್ಡಿಯ ಹಾಗೆ ನಿಲ್ಲುತ್ತದೆ, ಜೋತುಬಿದ್ದದ್ದು ಕೆಟ್ಟದ್ದು. "ಇದು ಹಳೇದು. ಐಸ್ ಹಾಕಿಲ್ಲ ನೀವು. ಯಾರಿಗೆ ಮಾರ್ತೀರಿ ಇದನ್ನ?" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಬುಟ್ಟಿಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಂತ ಮಾರಾಯ್ರೆ ನೀವು! ಈಗ ಬೋಟಿಂದ ಇಳಿದದ್ದು. ಸರಿ ನೋಡಿ, ಕಿವಿರು ಇನ್ನೂ ಆಡ್ತಾ ಉಂಟು."

ಆಡುತ್ತಿತ್ತು. ಅಷ್ಟು ಹೊಸ ಮೀನನ್ನು ನಾನು ಹುಟ್ಟಿದಾಗಿನಿಂದ ಕೈಯಲ್ಲಿ ಹಿಡಿದಿರಲಿಲ್ಲ. ನನಗೆ ಗೊತ್ತಿದ್ದದ್ದು ಐಸಿನಲ್ಲಿ ಎರಡು ದಿನ ಮಲಗಿ ಬಂದ ಮೀನು ಮಾತ್ರ. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ನನ್ನ ಮಗಳೂ ನಕ್ಕಳು.

ಆಗ ಅವಳು ಮುಂದೆ ಬಂದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಮೀನಿನ ನೀರು ತುಳಿಯದ ಹಾಗೆ ಬೆರಳ ಮೇಲೆ ನಿಂತು, ಆ ಹೆಂಗಸರ ಮೇಲೆ ಹಾಯ್ದಳು. "ಯಾಕ ನಗ್ತೀರಿ? ನಮ್ಮಕ್ಕ ಸಣ್ಣಾಕಿ ಇದ್ದಾಗಿಂದ ಮೀನ ಮಾರ್ಯಾಳ. ಆಕಿ ಕೆಟ್ಟದ ಅಂದ್ರ ಕೆಟ್ಟದ!"

ಹೆಂಗಸರು ಇನ್ನೂ ಜೋರಾಗಿ ನಕ್ಕರು. ಮಗಳು ಅವಳ ಭುಜದ ಮೇಲೆ ಕೈ ಹಾಕಿ, "ಬಾ ಯವ್ವಾ, ನಿಂಗ್ ಬ್ಯಾಡ ಈ ಪಂಚಾಯ್ತಿ" ಎಂದು ಎಳೆದುಕೊಂಡು ಹೋದಳು. ನಾನು ಮೀನಿನ ಕೈ ಒರೆಸಿಕೊಳ್ಳುತ್ತ ಹಿಂದೆ ಹೋದೆ. ಮೀನಿನ ಗಂಧವೇ ತಿಳಿಯದವಳು ಮೀನಿನ ವಿಷಯದಲ್ಲಿ ನನ್ನ ಪರ ನಿಂತಳು. ಆ ಹೆಂಗಸರ ನಗುವಿಗಿಂತ ಅದು ಹೆಚ್ಚು ಉರಿಯಿತು.

ಮರವಂತೆ ಎಂಬ ಊರಿನಲ್ಲಿ ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹೊಳೆ. ಎಲ್ಲರೂ ಅದನ್ನು ನೋಡಲೆಂದೇ ಗಾಡಿ ನಿಧಾನ ಮಾಡುತ್ತಾರೆ. ನನ್ನ ಕಿಟಕಿಗೆ ಬಂದದ್ದು ಹೊಳೆ. "ಅಮ್ಮ, ನೋಡು, ನಿಮ್ಮಪ್ಪನ ಥರಾನೇ ಬಲೆ ಹಾಕ್ತಿದಾರೆ" ಎಂದು ಮಗಳು ಸಮಾಧಾನ ಮಾಡಿದಳು. ಕೆರೆಯಲ್ಲಿ ಬಲೆ ಹಾಕುವುದನ್ನು ನೋಡಿ ಬೆಳೆದವಳನ್ನು ಇಷ್ಟು ದೂರ ಕರೆತಂದು ಮತ್ತೆ ಸಿಹಿನೀರೇ ತೋರಿಸಿದರು.

ಇಳಿದು ಸಮುದ್ರದ ಹತ್ತಿರ ಹೋದೆವು, ಹೋಗಲಿಲ್ಲ ಎನ್ನುವುದಿಲ್ಲ. ದೊಡ್ಡದಿತ್ತು. ಕಾಲು ತೋಯಿಸಿಕೊಂಡೆ. ಸದ್ದು ಜಾಸ್ತಿ. ಮರಳಿನ ಮೇಲೆ ಕೂರಲೆಂದು ನನ್ನ ಮಾರ್ಕೆಟ್ಟಿನ ಗೋಣಿಯನ್ನು ಒಗೆದು ತಂದಿದ್ದೆ, ಅದನ್ನು ಹಾಸಿ ಕೂತೆ. ಎದುರುಗಡೆಯವಳು ಸಮುದ್ರಕ್ಕೆ ಬೆನ್ನು ಹಾಕಿ ಕೂತು ಡಬ್ಬಿ ತೆಗೆದಳು. ರೊಟ್ಟಿ ಮುರಿದು, ಚಟ್ನಿಪುಡಿಗೆ ಎಣ್ಣೆ ಕಲಸಿ, ಮಗಳ ಬಾಯಿಗೇ ಇಟ್ಟಳು. ಮದುವೆಯಾಗಿದ್ದರೆ ಎರಡು ಮಕ್ಕಳ ತಾಯಿಯಾಗಿರಬೇಕಾದವಳು ಬಾಯಿ ತೆರೆದು ತಿಂದಳು. ಗಾಡಿ ಓಡಿಸುವಾಗಲೂ ಹಾಗೇ. ರೈಲ್ವೆ ಗೇಟಿನಲ್ಲಿ ನಿಂತರೆ ಒಂದು ತುತ್ತು, ಟೋಲಿನಲ್ಲಿ ನಿಂತರೆ ಒಂದು ತುತ್ತು. ಮಧ್ಯೆ ಬಿಡುವಿಲ್ಲದ ಮಾತು. ತಮ್ಮೂರಿನ ಎಮ್ಮೆ ಬಾವಿಗೆ ಬಿದ್ದದ್ದು, ಅದನ್ನು ಎತ್ತಲು ಹೋದ ಗೌಡರ ಧೋತರ ಬಿಚ್ಚಿಹೋದದ್ದು. ಅದೇ ಎಮ್ಮೆ ಭಟ್ಕಳ ತಲುಪುವುದರೊಳಗೆ ಮೂರು ಸಲ ಬಾವಿಗೆ ಬಿತ್ತು. ನಾನು ಆ ಕತೆಗೆ ನಿದ್ದೆ ಹೋಗಿಬಿಡುತ್ತಿದ್ದೆ. ಒಮ್ಮೆ ಎಚ್ಚರಾದಾಗ ನೋಡಿದರೆ ಅವಳು ಕೈ ಚಾಚಿ ಮಗಳ ಕಿವಿ ಹಿಂಡುತ್ತಿದ್ದಾಳೆ. ಮಗಳು, "ಆಯ್ತು ಯವ್ವಾ, ಆಯ್ತು" ಎನ್ನುತ್ತಿದ್ದಾಳೆ.

ನಾನು ಹೆತ್ತ ಮಗಳ ಕಿವಿ ಹಿಂಡಲು ಇವಳ್ಯಾರು? ಅವತ್ತೇ ತೀರ್ಮಾನ ಮಾಡಿದೆ. ನಾಳೆಯಿಂದ ಮುಂದಿನ ಸೀಟು ನನ್ನದು.

ಬಾಯಲ್ಲಿ ಕೇಳಿ ಆಗಿತ್ತು. ಮತ್ತೆ ಕೇಳಿದರೆ ಮತ್ತೊಂದು ವಾಂತಿಯ ಕತೆ ಬರುತ್ತಿತ್ತು. ನನಗೆ ಗೊತ್ತಿದ್ದ ದಾರಿ ಒಂದೇ. ಗೋಕರ್ಣದಲ್ಲಿ ಬೆಳಿಗ್ಗೆ ಅವರಿಬ್ಬರೂ ಇನ್ನೂ ಸ್ನಾನ ಮಾಡುತ್ತಿರುವಾಗಲೇ ಕೀಲಿ ತೆಗೆದುಕೊಂಡು ಹೋಗಿ, ಮುಂದಿನ ಬಾಗಿಲು ತೆರೆದು, ಸೀಟಿನ ಮೇಲೆ ನನ್ನ ಗೋಣಿ ಬಿಚ್ಚಿ ಹಾಸಿದೆ. ನಾಲ್ಕೂ ಮೂಲೆ ಎಳೆದು ಸರಿಮಾಡಿದೆ. ಆಮೇಲೆ ನೆಮ್ಮದಿಯಾಗಿ ಟೀ ಅಂಗಡಿಗೆ ಹೋದೆ. ಎಷ್ಟೋ ದಿನದ ಮೇಲೆ ಟೀ ರುಚಿಯಾಗಿತ್ತು.

ವಾಪಸು ಬಂದರೆ ಅವಳು ಕೂತಿದ್ದಾಳೆ. ಗೋಣಿಯನ್ನು ಮಡಚಿ, ದಿಂಬಿನ ಹಾಗೆ ಮಾಡಿಕೊಂಡು, ಅದರ ಮೇಲೆ ಏರಿ ಕೂತಿದ್ದಾಳೆ. ನನ್ನನ್ನು ಕಂಡವಳೇ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಕೈ ಹಿಡಿದಳು.

"ಅಕ್ಕಾ, ಎಷ್ಟ ಚಲೋ ಮಾಡಿದಿ ನೀ! ಗಿಡ್ಡಿಗೆ ರಸ್ತಾ ಕಾಣವಲ್ದು ಅಂತ ತಿಳದು ಗೋಣಿ ಹಾಸೀದಿ. ನಾ ಬಾಯಿಬಿಟ್ಟು ಹೇಳೇ ಇಲ್ಲ. ನಿನಗ ಹ್ಯಾಂಗ ತಿಳೀತು? ಈಗ ನೋಡು, ಗೌಡರ ಹೆಣ್ತಿಗತೆ ಕುಂತೀನಿ!"

ಅವಳ ಕಣ್ಣಲ್ಲಿ ನೀರಿತ್ತು. ಗಂಡ ಬಿಟ್ಟುಹೋದಾಗ ಬಾರದ ನೀರು ನನ್ನ ಹರಕು ಗೋಣಿಗೆ ಬಂದಿತ್ತು.

ಅವಳಿಗೆ ಮಾರ್ಕೆಟ್ಟಿನ ಕಟ್ಟಳೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಅವಳ ವ್ಯಾಪಾರವೆಲ್ಲ ಮನೆಯ ಒಲೆಯ ಮುಂದೆ. ಆದರೆ ಮಗಳಿಗೆ ಗೊತ್ತಿತ್ತು. ಸ್ಟೇರಿಂಗ್ ಹಿಡಿದುಕೊಂಡು ಕೂತವಳು ಮೇಲಿನ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ತುಟಿ ಕಚ್ಚಿಕೊಂಡಿದ್ದಳು. ನಗು ಹೊರಗೆ ಬಾರದ ಹಾಗೆ ಹಿಡಿದುಕೊಂಡಿದ್ದಳು ಎಂದು ಕಾಣುತ್ತದೆ.

"ಏನಮ್ಮ, ಹೊರಡೋಣ್ವಾ?"

"ಹೊರಡು," ಎಂದೆ. ಮತ್ತೇನು ಹೇಳುವುದು? ಕೊಡ ಸರಿಸಿದ್ದನ್ನು ಇಪ್ಪತ್ತು ವರ್ಷ ಇರ್ಲಿ ಬಿಡಕ್ಕಾ ಎಂದವಳಿಗೆ, ಅದು ನಿನಗಲ್ಲ, ನಿನ್ನನ್ನು ಎಬ್ಬಿಸುವುದಕ್ಕೆ ಹಾಕಿದ್ದು ಎಂದು ಹೇಳಲು ಬಾಯಿ ಬರಲಿಲ್ಲ. ಹಿಂದೆ ಹೋಗಿ ಕೌದಿಯ ಪಕ್ಕ ಕೂತೆ. ಕಾರವಾರ ದಾಟುವವರೆಗೂ ಬೇಕೆಂದೇ ಬಲಗಡೆಯ ಲಾರಿಗಳ ಕಡೆಗೆ ಮುಖ ತಿರುಗಿಸಿಕೊಂಡು ಕೂತೆ. ಅವರಿಬ್ಬರಿಗೂ ಅದು ಗೊತ್ತಾದ ಹಾಗೆ ಕಾಣಲಿಲ್ಲ.

ಪಣಜಿಯಲ್ಲಿ ಸಂಜೆ ಲಾಡ್ಜಿನ ಮೆಟ್ಟಿಲ ಮೇಲೆ ನಾವಿಬ್ಬರೇ ಕೂತಿದ್ದೆವು. ಮಗಳು ಒಳಗೆ ಮಲಗಿದ್ದಳು. ಮರುದಿನ ಹುಬ್ಬಳ್ಳಿ ಮೇಲೆ ವಾಪಸು. ಆ ದಾರಿಯಲ್ಲಿ ಸಮುದ್ರವೂ ಇಲ್ಲ, ಕಿಟಕಿಗೆ ಬೆಲೆಯೂ ಇಲ್ಲ. ತಡೆಯಲಾರದೆ ಕೇಳಿದೆ, "ಹೊಟ್ಟೆ ತುಂಬಾ ಸಮುದ್ರ ನೋಡಿದ್ಯಲ್ಲ, ತೃಪ್ತಿ ಆಯ್ತಾ?"

ಅವಳು ಕೈ ಸೊಂಟಕ್ಕೆ ಒರೆಸಿಕೊಂಡಳು. "ಎಲ್ಲಿ ನೋಡೀನಕ್ಕಾ? ಆಕಿ ತಿಂಗಳಾನುಗಟ್ಲೆ ರಾತ್ರಿ ಗಾಡಿ ಓಡ್ಸ್ಯಾಳ. ಹಗಲೊತ್ತಿನ್ಯಾಗ ಕಣ್ಣು ಎಳೀತಾವ ಆಕಿಗೆ, ಹೊರಡೂ ಮೊದ್ಲೇ ಗೊತ್ತಿತ್ತು ನಂಗ. ಘಾಟಿನ್ಯಾಗೂ ಒಮ್ಮೆ ರೆಪ್ಪಿ ಮುಚ್ಚಿದ್ಲು, ನಾ ನೋಡೀನಿ. ನಿನಗ ಹೇಳಿದ್ರ ಅಂಜ್ತಿ. ಆಕಿಗೆ ಹೇಳಿದ್ರ ಟ್ರಿಪ್ಪೇ ಬ್ಯಾಡ ಅಂತಾಳ. ಅದಕ್ಕ ವಾಂತಿ ಅಂತ ಸುಳ್ಳು ಹೇಳಿ ಮುಂದ ಕುಂತೆ. ಮೂರು ದಿನ ಆಕಿ ಕಣ್ಣೇ ನೋಡ್ಕೋತ ಬಂದೀನಿ. ಮಾತಾಡಿ ಮಾತಾಡಿ ಗಂಟ್ಲು ಹರದದ."

ತುತ್ತು, ಎಮ್ಮೆ, ಕಿವಿ ಹಿಂಡಿದ್ದು, ಎಲ್ಲವೂ ಒಂದೊಂದಾಗಿ ನೆನಪಿಗೆ ಬಂತು. ಯಾವ ಕಿಟಕಿಗಾಗಿ ನಾನು ಅಷ್ಟು ದಿನ ಹೊಟ್ಟೆ ಉರಿದುಕೊಂಡೆನೋ ಆ ಕಿಟಕಿಯ ಕಡೆ ಅವಳು ತಿರುಗಿಯೂ ನೋಡಿರಲಿಲ್ಲ. ಇಂಥ ಮಾತು ಕೇಳಿದ ಮೇಲೆ ಹೊಟ್ಟೆಕಿಚ್ಚು ಹೋಗಬೇಕಲ್ಲ, ನನಗೆ ಇನ್ನೂ ಹೆಚ್ಚಾಯಿತು. ಮೊದಲು ಸೀಟಿನ ಮೇಲೆ ಮಾತ್ರ ಇತ್ತು. ಮಗಳ ರೆಪ್ಪೆ ಮುಚ್ಚಿದ್ದನ್ನು ನಾನಲ್ಲವೇ ಕಾಣಬೇಕಾದವಳು? ನಾನು ಹಿಂದೆ ಕೂತು ಡಬ್ಬಿಯ ಮುಚ್ಚಳವನ್ನು ಶಪಿಸುತ್ತಿದ್ದೆ, ಇಲ್ಲವೇ ಗೊರಕೆ ಹೊಡೆಯುತ್ತಿದ್ದೆ.

"ಮೊದಲೇ ಹೇಳ್ಬಾರ್ದಿತ್ತಾ?" ಎಂದೆ.

"ಇರ್ಲಿ ಬಿಡಕ್ಕಾ," ಎಂದಳು.

ಊರಿಗೆ ಬಂದ ಮೇಲೆ ಗೋಣಿ ವಾಪಸು ಕೊಡುತ್ತಾಳೆಂದು ಕಾದೆ. ಕೊಡಲಿಲ್ಲ. ಅದರ ಅಂಚಿಗೆ ತನ್ನ ಹಳೆಯ ಇಳಕಲ್ ಸೀರೆಯ ಪಟ್ಟಿ ಹೊಲಿದು, ಮಡಿಕೆ ಬಿಚ್ಚದ ಹಾಗೆ ದಪ್ಪ ಹೊಲಿಗೆ ಹಾಕಿ, ಗಾಡಿಯ ಮುಂದಿನ ಸೀಟಿನ ಮೇಲೇ ಇಟ್ಟಳು. ಟ್ಯಾಕ್ಸಿ ಹತ್ತುವವರು ಹಿಂದೆ ಕೂರುತ್ತಾರೆ, ಮುಂದೆ ಯಾರಿಗೂ ಬೇಕಿಲ್ಲ. ಆಸ್ಪತ್ರೆಗೋ ಸಂತೆಗೋ ಹೋಗುವಾಗ ಅವಳೇ ಅದರ ಮೇಲೆ ಕೂರುತ್ತಿದ್ದಳು. ನಾನು ಹೊಸ ಗೋಣಿ ತೆಗೆದುಕೊಂಡೆ.

ಈಗ್ಗೆ ಸ್ವಲ್ಪ ದಿನದ ಹಿಂದೆ ಜ್ವರ ಎಂದು ಮಲಗಿದಳು. ಆಸ್ಪತ್ರೆಗೆ ತೋರಿಸಿದೆವು, ಮಾತ್ರೆ ಕೊಟ್ಟರು, ಏಳಲಿಲ್ಲ. ಮಗಳು ಕೆಲಸಕ್ಕೆ ಹೋದ ಹೊತ್ತಿನಲ್ಲಿ ನಾನೇ ಗಂಜಿ ಕುಡಿಸಿದೆ. "ಎಷ್ಟು ತೊಳೆದ್ರೂ ಕೈಯಲ್ಲಿ ಮೀನಿನ ವಾಸನೆ ಹೋಗಲ್ಲ ಕಣೇ, ಸ್ಪೂನಲ್ಲಿ ಕುಡಿ" ಎಂದರೆ, "ಬರ್ಲಿ ಬಿಡಕ್ಕಾ, ಇನ್ನ ಮೂಗಿಗೇನು ಕೆಲ್ಸ" ಎಂದು ನನ್ನ ಕೈಯಿಂದಲೇ ಕುಡಿದಳು. ಊರಿಗೆ ಒಯ್ಯಬೇಡಿ, ಇಲ್ಲೇ ಮಣ್ಣು ಮಾಡಿ ಎಂದು ಹೇಳಿದ್ದಳು. ಗೋಣಿಯ ನಿಜ ಹೇಳಿಬಿಡೋಣವೇ ಎಂದು ಬಾಯಿ ತೆರೆದೆ. "ಹುಡುಗಿ ಉಂಡು ಹೋಗ್ಯಾಳೇನು?" ಎಂದು ಕೇಳಿದಳು. ಉಂಡಳು ಎಂದೆ. ಅಲ್ಲಿಗೆ ಬಿಟ್ಟೆ.

ಅವಳ ತಮ್ಮ, ಅವನ ಹೆಂಡತಿ, ಇನ್ನೂ ನಾಲ್ಕು ಜನ ಕಲಬುರಗಿಯಿಂದ ರೈಲಿನಲ್ಲಿ ಬಂದರು. ಅವರೆಲ್ಲ ವ್ಯಾನಿನಲ್ಲಿ, ನಾನೂ ಅದರಲ್ಲೇ ಹತ್ತಿದೆ. ಮಗಳು ಹೂವು, ಪೂಜೆ ಸಾಮಾನು ಹಾಕಿಕೊಂಡು ತನ್ನ ಗಾಡಿಯಲ್ಲಿ ಹಿಂದೆ ಬಂದಳು. ಗುಣಿಯ ಒಳಗೆ ಗೂಡು ತೋಡಿದ್ದರು. ಅಯ್ಯನವರು ಮಂತ್ರ ಹೇಳಿ ಅವಳನ್ನು ಇಳಿಸಿ ಕೂರಿಸಿದರು. ಮೊದಲ ಹಿಡಿ ಮಣ್ಣು ಮನೆಯವರು ಹಾಕಬೇಕು ಎಂದಾಗ ತಮ್ಮನಿಗಿಂತ ಮೊದಲು ನನ್ನ ಮಗಳು ಬಗ್ಗಿ ಮಣ್ಣು ತೆಗೆದುಕೊಂಡಳು. ಅವನು ನನ್ನ ಮಗಳನ್ನು ಅವತ್ತೇ ಮೊದಲು ನೋಡಿದ್ದು. "ನೀ ಏನಾಗಬೇಕವ್ವಾ ಅಕ್ಕಗ?" ಎಂದು ಕೇಳಿದ.

"ಮಗಳು," ಎಂದಳು.

ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾರು ದೂರವೂ ಇರಲಿಲ್ಲ. ಅವನು ನನ್ನ ಕಡೆ ತಿರುಗಿ, "ಹಂಗಾರ ನೀವು?" ಎಂದ. ಮಗಳು ಕೈಯಲ್ಲಿ ಮಣ್ಣು ಹಿಡಿದುಕೊಂಡು ನನ್ನ ಮುಖ ನೋಡಿದಳು. ಹೆದರಿದ್ದಳು. ಅವಳು ನನಗೆ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎದುರು ಮನೆಯವಳು," ಎಂದೆ. "ಹಾಕು, ಹೊತ್ತಾಯ್ತು."

ಅವಳು ಹಾಕಿದಳು. ಆಮೇಲೆ ನಾನೂ ಹಾಕಿದೆ.

ಎಲ್ಲ ಮುಗಿದು ಹೊರಗೆ ಬಂದಾಗ ವ್ಯಾನು ಅವಳ ಕಡೆಯವರನ್ನು ಸ್ಟೇಷನ್ನಿಗೆ ಬಿಡಲು ಹೊರಟಿತ್ತು. ಮಗಳು ಗಾಡಿಯ ಹತ್ತಿರ ಹೋಗಿ ಮುಂದಿನ ಬಾಗಿಲು ತೆರೆದು ಹಿಡಿದು ನಿಂತಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. "ಬಾ ಅಮ್ಮ, ಮುಂದೆ ಕೂತ್ಕೋ," ಎಂದಳು.

ಸೀಟಿನ ಮೇಲೆ ನನ್ನ ಗೋಣಿ ಇತ್ತು, ಇಳಕಲ್ ಅಂಚಿನದು. ನಡುವೆ ಗುಂಡಗೆ ತಗ್ಗು ಬಿದ್ದಿತ್ತು. ಸಣ್ಣ ತಗ್ಗು, ಗಿಡ್ಡ ಹೆಂಗಸಿನದು. ಎರಡು ವರ್ಷದ ಹಿಂದೆ ನಾನು ಕೇಳಿದ್ದ ಜಾಗ ಅದು. ತೆಗೆದುಕೊಂಡರೆ ಬೇಡ ಎನ್ನುವವರು ಯಾರೂ ಇರಲಿಲ್ಲ.

ಹಿಂದಿನ ಬಾಗಿಲು ತೆರೆದು ಹತ್ತಿದೆ. ಈ ಸಲ ಎಡಗಡೆ ಕಿಟಕಿಗೆ ಕೂತೆ, ಡಬ್ಬಿ ಇರಲಿಲ್ಲ.

"ಯಾಕಮ್ಮ? ಮುಂದೆ ಖಾಲಿ ಇದೆಯಲ್ಲ."

"ಖಾಲಿ ಎಲ್ಲಿದೆ?" ಎಂದೆ. "ಗೋಣಿ ಹಾಕಿದೆ, ಕಾಣಲ್ವಾ ನಿಂಗೆ? ನಡಿ, ಗಾಡಿ ತೆಗಿ."